ಒಳ್ಳೆಯ ಕೂರಿಗೆಗೆ ರೈತರ ತಕರಾರೂ ಬೇಕು

ಹೊಸ ಉಪಕರಣವೊಂದನ್ನು ನಿಮ್ಮ ಊರಿಗೆ ತಂದು ಪ್ರಾತ್ಯಕ್ಷಿಕೆ ನಡೆಸಿದಾಗ ನೀವು ಸಾಮಾನ್ಯವಾಗಿ ಏನು ಹೇಳುತ್ತೀರಿ? "ಚೆನ್ನಾಗಿದೆ" ಎನ್ನುತ್ತೀರಿ. ಊರಿಗೆ ಬಂದವರ ಮನ ನೋಯಿಸಬಾರದೆಂಬ ಸೌಜನ್ಯ ಅದಕ್ಕೆ ಒಂದು ಕಾರಣ. ತಪ್ಪು ತೋರಿಸಿದರೆ ಮುಂದಿನ ಯೋಜನೆ ನಮ್ಮ ಊರಿಗೆ ಬರಲಿಕ್ಕಿಲ್ಲ ಎಂಬ ಅಳುಕು ಇನ್ನೊಂದು ಕಾರಣ. ಆದರೆ ಈ ಒಂದು ಮಾತಿನಿಂದ ನಿಮಗೂ ನಷ್ಟ, ಸಂಶೋಧನೆಗೂ ನಷ್ಟ. ಅದು ಹೇಗೆಂಬುದನ್ನೂ, ಉಪಕರಣದ ಗುಣದೋಷಗಳನ್ನು ಸರಿಯಾಗಿ ತೂಗಿ ಹೇಳುವ ಬಗೆ ಯಾವುದೆಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಕೆಲಸಕ್ಕೆ ಸೇರಿದ ಹೊಸತು. ಹೊಸದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ಕಬ್ಬಿಣದ ಬಿತ್ತನೆ ಕೂರಿಗೆಯೊಂದನ್ನು ಪರೀಕ್ಷೆಗೆಂದು ರೈತರೊಬ್ಬರಿಗೆ ಕೊಟ್ಟೆವು. ಸಾಲು ನೇರವಾಗಿ ಬಂತು, ಬೀಜ ಒಂದೇ ಆಳಕ್ಕೆ ಬಿತ್ತು, ರಾಗಿಯೂ ಚೆನ್ನಾಗಿ ಹುಟ್ಟಿತು. ನೆರೆದವರೆಲ್ಲ ಮೆಚ್ಚಿದರು. ನಾವೂ ಸಂತೋಷದಿಂದ ವರದಿ ಬರೆದೆವು. ಮರುವರ್ಷ ಮುಂಗಾರಿನಲ್ಲಿ ಹೋಗಿ ನೋಡಿದರೆ ಕೂರಿಗೆ ದನದ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಅದರ ಮೇಲೆ ಕೋಳಿಗಳು ಕೂತಿದ್ದವು. ಯಜಮಾನರು ಮುಜುಗರಪಟ್ಟು ಮಾತು ಮರೆಸಿದರು. ಅವರ ತಾಯಿ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು: "ನಿಮ್ಮ ಕೂರಿಗೆ ಚೆನ್ನಾಗೈತೆ ಸ್ವಾಮಿ. ಆದ್ರೆ ಅದ್ರಲ್ಲಿ ಅಕ್ಕಡಿ ಎಲ್ಲಿ ಬಿಡೋದು? ಹೋದ ವರ್ಷ ಬೇಳೆ ಎಲ್ಲಾ ಅಂಗಡಿಯಿಂದ್ಲೇ ತಂದ್ವಿ."

ಅವರ ಮಾತು ನಿಜವಾಗಿತ್ತು. ಹಳೆಯ ಮರದ ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಹೋಗುವ ಒಂಟಿ ಕೊಳವೆಯೊಂದಿರುತ್ತದೆ. ಅದನ್ನು ಸಡ್ಡೆ ಎನ್ನುತ್ತಾರೆ. ರಾಗಿಯ ಕೆಲವು ಸಾಲುಗಳಿಗೊಮ್ಮೆ ತೊಗರಿ, ಅವರೆ, ಹರಳುಗಳ ಅಕ್ಕಡಿ ಸಾಲು ಬೀಳುವುದು ಆ ಸಡ್ಡೆಯಿಂದಲೇ. ಅದನ್ನು ಹಿಡಿದು ಬೀಜ ಬಿಡುವವರು ಬಹುಮಟ್ಟಿಗೆ ಹೆಂಗಸರು. ನಮ್ಮ ಕಬ್ಬಿಣದ ಕೂರಿಗೆಯಲ್ಲಿ ಸಡ್ಡೆ ಕಟ್ಟಲು ಒಂದು ಕೊಕ್ಕೆಯೂ ಇರಲಿಲ್ಲ. ರಾಗಿಯ ಇಳುವರಿ ನಮ್ಮ ಲೆಕ್ಕದ ಪುಸ್ತಕದಲ್ಲಿತ್ತು. ಆ ಮನೆಯ ವರ್ಷದ ಬೇಳೆಯಾಗಲಿ, ಒಲೆಗೆ ಬೇಕಾದ ತೊಗರಿ ಕಟ್ಟಿಗೆಯಾಗಲಿ ಅದರಲ್ಲಿರಲಿಲ್ಲ. ಬೀಜ ಬಿಡುವ ಆ ತಾಯಿಯನ್ನು ನಾವು ಮೊದಲೇ ಒಂದು ಮಾತು ಕೇಳಿದ್ದರೆ ಒಂದು ವರ್ಷ ವ್ಯರ್ಥವಾಗುತ್ತಿರಲಿಲ್ಲ. ತಪ್ಪು ನಮ್ಮದೇ. ಎರಡು ಕೊಕ್ಕೆ ಬೆಸೆದ ಮೇಲೆ ಅದೇ ಕೂರಿಗೆ ಮತ್ತೆ ಹೊಲಕ್ಕಿಳಿಯಿತು.

ವಿನ್ಯಾಸ ಎಂದರೇನು?

ವಿನ್ಯಾಸವೆಂದರೆ ಅಂದಚೆಂದ ಮಾತ್ರವಲ್ಲ. ಒಂದು ವಸ್ತು ಯಾವ ಕೆಲಸಕ್ಕೆ, ಯಾರ ಕೈಗೆ, ಯಾವ ಮಣ್ಣಿಗೆ, ಎಷ್ಟು ಖರ್ಚಿನಲ್ಲಿ ಆಗಬೇಕೆಂದು ಯೋಚಿಸಿ ಅದರ ಅಳತೆ, ಆಕಾರ, ಭಾರಗಳನ್ನು ಗೊತ್ತುಮಾಡುವುದೇ ವಿನ್ಯಾಸ. ಈ ಅರ್ಥದಲ್ಲಿ ಕೂರಿಗೆ, ಎಡೆಕುಂಟೆಗಳಿಗೆ ವಿನ್ಯಾಸವಿರುವಂತೆ ಹೊಲದ ಬದುವಿಗೂ, ಕೃಷಿ ಹೊಂಡಕ್ಕೂ, ಕಾಳು ತುಂಬುವ ಕಣಜಕ್ಕೂ ವಿನ್ಯಾಸವಿದೆ. ಹೊಸ ತಳಿಯನ್ನು ರೂಪಿಸುವುದೂ ಒಂದು ಬಗೆಯ ವಿನ್ಯಾಸವೇ.

ನಮ್ಮ ಕೂರಿಗೆಯನ್ನು ಯಾವ ಪ್ರಯೋಗಾಲಯವೂ ಕಂಡುಹಿಡಿದದ್ದಲ್ಲ. ರೈತನೂ ಬಡಗಿಯೂ ಕಮ್ಮಾರನೂ ಕೂಡಿ ತಲೆಮಾರುಗಳ ಕಾಲ ತಿದ್ದಿದ ಫಲ ಅದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಬೇಸಾಯದ ಸಲಕರಣೆಗಳನ್ನೂ ಬಿತ್ತನೆಯ ಕ್ರಮಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಕೂರಿಗೆಯ ತಾಳು ಸವೆದಾಗ, ಸಾಲು ಅಗಲವಾದಾಗ, ಎತ್ತು ಬಳಲಿದಾಗ ರೈತ ಬಡಗಿಯ ಮನೆ ಬಾಗಿಲಿಗೆ ಹೋಗಿ ನೇರವಾಗಿ ತಕರಾರು ಹೇಳುತ್ತಿದ್ದ. ಬಡಗಿ ಅಲ್ಲೇ ಉಳಿ ಹಿಡಿದು ತಿದ್ದುತ್ತಿದ್ದ. ತಯಾರಿಸುವವನಿಗೂ ಬಳಸುವವನಿಗೂ ನಡುವೆ ಒಂದು ಬೀದಿಯ ದೂರವಷ್ಟೇ ಇತ್ತು. ಇಂದು ಉಪಕರಣ ದೂರದ ಕಾರ್ಖಾನೆಯಿಂದ ಬರುತ್ತದೆ. ತಕರಾರು ಅಲ್ಲಿಗೆ ತಲುಪುವುದಿಲ್ಲ. ಆ ದಾರಿಯನ್ನು ಮತ್ತೆ ತೆರೆಯುವುದೇ ವಿಮರ್ಶೆಯ ಕೆಲಸ.

ಬದುಗಳು ಕಲಿಸಿದ ಪಾಠ

ಮಣ್ಣು ಕೊಚ್ಚಿಹೋಗದಂತೆ ಸಮಪಾತಳಿ ಬದು ಹಾಕುವ ಕೆಲಸ ಕಳೆದ ಶತಮಾನದಲ್ಲಿ ನಮ್ಮ ಒಣ ಪ್ರದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು: ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಬದು ಹಾಕಿದರೆ ನೀರು ನಿಂತು ಇಂಗುತ್ತದೆ. ಆದರೆ ಹಲವೆಡೆ ರೈತರು ಆ ಬದುಗಳನ್ನು ಕೆಲವೇ ವರ್ಷಗಳಲ್ಲಿ ಉತ್ತು ಸಮ ಮಾಡಿದರು. ರೈತರಿಗೆ ತಿಳಿವಳಿಕೆ ಸಾಲದು ಎಂದು ಆಗ ಅನೇಕರು ಭಾವಿಸಿದ್ದುಂಟು.

ವಿಚಾರಿಸಿ ನೋಡಿದಾಗ ತಕರಾರು ಎರಡು ಬಗೆಯದೆಂದು ತಿಳಿಯಿತು. ಮೊದಲನೆಯದು ಹಿಡುವಳಿಯ ಪ್ರಶ್ನೆ. ಸಮಪಾತಳಿ ರೇಖೆ ಹೊಲದ ಎಲ್ಲೆಯನ್ನು ನೋಡಿ ನಡೆಯುವುದಿಲ್ಲ. ಅದು ಹೊಲದ ನಡುವೆ ಓರೆಯಾಗಿ ಹಾದು ಮೂಲೆಯಲ್ಲಿ ತುಂಡು ಭೂಮಿಯನ್ನು ಬಿಡುತ್ತದೆ. ಅಲ್ಲಿ ಎತ್ತು ತಿರುಗಿಸುವುದು ಕಷ್ಟ. ಒಬ್ಬನ ಹೊಲದ ಬದುವಿನಿಂದ ಇನ್ನೊಬ್ಬನ ಹೊಲಕ್ಕೆ ನೀರು ನುಗ್ಗಿದರೆ ನೆರೆಹೊರೆಯಲ್ಲಿ ಜಗಳ. ಎರಡನೆಯದು ಮಣ್ಣಿನ ಪ್ರಶ್ನೆ. ಹಿರಿಯೂರು ಭಾಗದಲ್ಲಿ ಕಾಣುವಂಥ ಆಳವಾದ ಎರೆ ಭೂಮಿಯಲ್ಲಿ ನೀರು ಬೇಗ ಇಂಗದೆ ಬದುವಿನ ಮೇಲ್ಭಾಗದಲ್ಲಿ ನಿಂತು ಪೈರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬದು ಬಿರುಕು ಬಿಟ್ಟು ಮುಂದಿನ ಮಳೆಗೆ ಒಡೆಯುತ್ತದೆ.

ಎರಡು ತಕರಾರುಗಳೂ ಸರಿಯಾಗಿದ್ದವು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ಅನುಭವವೂ ಎರೆ ಭೂಮಿಗೆ ಸಮಪಾತಳಿ ಬದು ಹೊಂದದೆಂಬುದನ್ನೇ ತೋರಿಸಿತು. ಬದುವಿನ ಉದ್ದಕ್ಕೂ ನೂರು ಅಡಿಗೆ ಎರಡು ಮೂರು ಅಂಗುಲದಷ್ಟು ಇಳುಕಲು ಕೊಟ್ಟು ಹೆಚ್ಚಿನ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ಬಿಡುವ ಇಳಿಜಾರು ಬದು ಅಲ್ಲಿಗೆ ಸೂಕ್ತ. ಎಲ್ಲೆಯ ಬದುವನ್ನೇ ಬಲಪಡಿಸಿ ತೂಬು ಇಡುವ ರೈತರ ಪದ್ಧತಿಗೂ ಮುಂದೆ ಮನ್ನಣೆ ಸಿಕ್ಕಿತು. ವಿಶ್ವ ಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ರೈತರ ಸಂಘಗಳೇ ಕುಳಿತು ಯಾವ ಹೊಲಕ್ಕೆ ಯಾವ ಕೆಲಸವೆಂದು ಚರ್ಚಿಸುವ ಕ್ರಮ ಬಂತು. ನಕ್ಷೆ ಬರೆಯುವ ಮುನ್ನವೇ ತಕರಾರು ಕೇಳುವುದು ಲಾಭ. ಬದು ಕಟ್ಟಿದ ಮೇಲೆ ಕೇಳಿದರೆ ಅದು ಪಶ್ಚಾತ್ತಾಪವಾಗುತ್ತದೆ.

ಹೊರನಾಡಿನ ಎರಡು ಉದಾಹರಣೆಗಳು

ಉತ್ತು, ಮಡಿ ಮಾಡಿ, ಬಿತ್ತಿ, ಎಡೆ ಹೊಡೆದು, ಬೇಕಾದಾಗ ಗಾಡಿಯೂ ಆಗಬಲ್ಲ ಗಾಲಿಯ ಬಹುಪಯೋಗಿ ಉಪಕರಣವೊಂದನ್ನು ಆಫ್ರಿಕ ಮತ್ತು ಏಷ್ಯಾದ ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ತರಲು ದಶಕಗಳ ಕಾಲ ಪ್ರಯತ್ನ ನಡೆಯಿತು. 1972ರಲ್ಲಿ ಹೈದರಾಬಾದಿನ ಬಳಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯೂ ಎರೆ ಭೂಮಿಯ ಅಗಲ ಮಡಿ ಪದ್ಧತಿಗೆ ಇದನ್ನು ಬಳಸಿತು. ಸಂಶೋಧನಾ ಕ್ಷೇತ್ರಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು; ರೈತರು ಮಾತ್ರ ಕೈಬಿಟ್ಟರು. ಪಾಲ್ ಸ್ಟಾರ್ಕಿ ಎಂಬ ತಜ್ಞರು ಹಲವು ದೇಶಗಳ ಈ ಅನುಭವವನ್ನು ಕ್ರೋಡೀಕರಿಸಿ 1988ರಲ್ಲಿ ಪುಸ್ತಕ ಬರೆದರು. "ಪರಿಪೂರ್ಣ, ಆದರೂ ತಿರಸ್ಕೃತ" ಎಂಬುದು ಅದರ ಹೆಸರಿನ ಅರ್ಥ. ಬೆಲೆ ಹೆಚ್ಚು, ಭಾರ ಹೆಚ್ಚು, ಸಣ್ಣ ಹೊಲದಲ್ಲಿ ತಿರುಗಿಸಲು ಕಷ್ಟ, ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸಲು ತೊಡಕು, ಇವು ರೈತರು ಕಂಡ ದೋಷಗಳು. ಯಶಸ್ಸಿನ ವರದಿಗಳೇ ಒಂದು ದೇಶದಿಂದ ಇನ್ನೊಂದಕ್ಕೆ ಹೋದವು. ವೈಫಲ್ಯದ ಸುದ್ದಿ ಹೋಗಲಿಲ್ಲ. ಆದ್ದರಿಂದ ಒಂದೆಡೆ ಆದ ತಪ್ಪೇ ಮತ್ತೊಂದೆಡೆ ಮರುಕಳಿಸಿತು.

ಇದಕ್ಕೆ ವ್ಯತಿರಿಕ್ತವಾದುದು ಪೆರು ದೇಶದ ಆಲೂಗೆಡ್ಡೆಯ ಕಥೆ. 1970ರ ದಶಕದಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ವಿಜ್ಞಾನಿಗಳು ದಾಸ್ತಾನಿನಲ್ಲಿ ಆಗುವ ನಷ್ಟವನ್ನು ತಡೆಯಲು ಹೊರಟರು. ಸಮಾಜಶಾಸ್ತ್ರ ಬಲ್ಲವರು ರೈತರ ಮನೆಗಳಿಗೆ ಹೋಗಿ ವಿಚಾರಿಸಿದಾಗ, ತಾವು ನಷ್ಟವೆಂದು ಬರೆದುಕೊಂಡಿದ್ದು ರೈತರಿಗೆ ನಷ್ಟವೇ ಅಲ್ಲವೆಂದು ತಿಳಿಯಿತು. ಸುಕ್ಕಿದ ಗೆಡ್ಡೆಗೂ ಮನೆಯಲ್ಲಿ ಉಪಯೋಗವಿತ್ತು. ಅವರ ನಿಜವಾದ ಕಷ್ಟ ಬೀಜದ ಗೆಡ್ಡೆ ಉದ್ದುದ್ದ ಮೊಳಕೆ ಬಿಡುವುದು. ನೇರ ಬಿಸಿಲು ಬೀಳದ ಮಂದ ಬೆಳಕಿನಲ್ಲಿ ಗೆಡ್ಡೆ ಇಟ್ಟರೆ ಮೊಳಕೆ ಮೋಟಾಗಿ ಗಟ್ಟಿಯಾಗಿರುತ್ತದೆ. ಈ ತತ್ತ್ವವನ್ನು ತೋರಿಸಿದ ಮೇಲೆ ರೈತರು ವಿಜ್ಞಾನಿಗಳ ಉಗ್ರಾಣವನ್ನು ಹಾಗೆಯೇ ನಕಲು ಮಾಡಲಿಲ್ಲ; ತಮ್ಮ ತಮ್ಮ ಮನೆಯ ಜಗಲಿ, ಪಡಸಾಲೆಗಳಿಗೆ ತಕ್ಕಂತೆ ಬದಲಿಸಿಕೊಂಡರು. ಸಂಶೋಧನೆ ರೈತನಿಂದ ಹೊರಟು ರೈತನಲ್ಲಿಗೇ ಮರಳಬೇಕೆಂಬ ಸೂತ್ರವನ್ನು ರೋಡ್ಸ್ ಮತ್ತು ಬೂತ್ ಎಂಬ ಇಬ್ಬರು ವಿಜ್ಞಾನಿಗಳು 1982ರಲ್ಲಿ ಈ ಅನುಭವದ ಮೇಲೆಯೇ ಮಂಡಿಸಿದರು.

ನಾಲ್ಕು ತಾಲ್ಲೂಕಿಗೆ ಒಂದೇ ಅಳತೆ ಸಾಲದು

ನಮ್ಮ ಭಾಗಕ್ಕೆ ಬರೋಣ. ಚಿತ್ರದುರ್ಗ ತಾಲ್ಲೂಕಿನ ಕೆಂಪು ಮಣ್ಣಿನಲ್ಲಿ ಶೇಂಗಾ, ರಾಗಿ, ಮೆಕ್ಕೆಜೋಳ, ಈರುಳ್ಳಿ ಬೆಳೆಯುತ್ತೀರಿ. ಶೇಂಗಾ ಬೀಜವನ್ನು ಒಡೆಯದೆ ಬಿಡುವ ತಟ್ಟೆ ಬೇಕು. ಹೊಸದುರ್ಗದಲ್ಲಿ ರಾಗಿಯ ಜೊತೆಗೆ ಸಾಮೆಯಂಥ ಸಿರಿಧಾನ್ಯಗಳೂ ಉಂಟು. ಅಷ್ಟು ಸಣ್ಣ ಬೀಜವನ್ನು ಅದೇ ತಟ್ಟೆ ಬೇಕಾಬಿಟ್ಟಿ ಸುರಿಯುತ್ತದೆ. ಹಿರಿಯೂರಿನ ಎರೆಯಲ್ಲಿ ಮಳೆ ಬಿದ್ದ ಮೇಲೆ ಹದ ಸಿಗುವುದು ಕೆಲವೇ ದಿನ. ತಾಳಿಗೆ ಮಣ್ಣು ಮೆತ್ತಿಕೊಂಡು ಕೊಳವೆ ಕಟ್ಟಿದರೆ ಆ ದಿನಗಳು ಕೈತಪ್ಪುತ್ತವೆ. ಅದೇ ತಾಲ್ಲೂಕಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ತೆಂಗಿನ ತೋಟಗಳಿಗೂ, ಹೊಳಲ್ಕೆರೆಯ ಅಡಿಕೆ ತೋಟಗಳಿಗೂ ಬೇರುಗಳಿಗೆ ಪೆಟ್ಟಾಗದಂತೆ ಮರಗಳ ನಡುವೆ ನುಸುಳುವ ಕಿರಿದಾದ ಸಲಕರಣೆ ಬೇಕು.

ಎತ್ತಿನ ಶಕ್ತಿಯನ್ನೂ ಮರೆಯಬಾರದು. ಒಂದು ಜೋಡಿ ಎತ್ತು ತನ್ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲಿನಷ್ಟು ಎಳೆತವನ್ನು ಮಾತ್ರ ದಿನವಿಡೀ ನಿಭಾಯಿಸಬಲ್ಲದು. ಎರಡೂ ಸೇರಿ 600 ಕಿಲೋ ತೂಗುವ ಜೋಡಿಗೆ 60 ಕಿಲೋ ಎಳೆತವೇ ಮಿತಿ. ಎತ್ತಿಲ್ಲದೆ ಬಾಡಿಗೆ ಟ್ರ್ಯಾಕ್ಟರಿನಿಂದ ಬಿತ್ತಿಸುವವರು ಇಂದು ಬಹಳ ಮಂದಿ. ಅವರ ಕಷ್ಟ ಬೇರೆ: ಅರ್ಧ ಎಕರೆಯ ತುಂಡಿನಲ್ಲಿ ತಿರುವಿಗೇ ಎಷ್ಟು ನೆಲ ಹೋಗುತ್ತದೆ, ಹದ ಬಂದ ದಿನ ಬಾಡಿಗೆ ಯಂತ್ರ ಸಿಗುತ್ತದೆಯೇ, ಬಿದ್ದ ಸಾಲಿನ ಅಂತರಕ್ಕೆ ಮನೆಯ ಎಡೆಕುಂಟೆ ಹೊಂದುತ್ತದೆಯೇ ಎಂಬುದನ್ನೆಲ್ಲ ನೋಡಬೇಕು. ಎಡೆಕುಂಟೆ ಹೊಂದದಿದ್ದರೆ ಕಳೆ ತೆಗೆಯುವ ಹೊರೆಯೆಲ್ಲ ಬೆನ್ನು ಬಗ್ಗಿಸಿ ದುಡಿಯುವ ಹೆಂಗಸರ ಮೇಲೆ ಬೀಳುತ್ತದೆ. ಉಪಕರಣದಿಂದ ಯಾರ ಕೆಲಸ ಹಗುರಾಯಿತು, ಯಾರ ಕೆಲಸ ಹೆಚ್ಚಾಯಿತು, ಯಾರ ಕೂಲಿ ತಪ್ಪಿತು ಎಂದು ಕೇಳದ ಪರೀಕ್ಷೆ ಅರ್ಧ ಪರೀಕ್ಷೆ ಮಾತ್ರ.

ವಿಮರ್ಶೆ ಮಾಡುವ ಬಗೆ

ತಕರಾರೆಲ್ಲವೂ ಸರಿಯಾಗಿಯೇ ಇರುತ್ತದೆಂದಲ್ಲ. 30 ಸೆಂ.ಮೀ. ಅಂತರದ ರಾಗಿ ಸಾಲು ಇಪ್ಪತ್ತು ದಿನದ ಪೈರಿನಲ್ಲಿ ತೆಳುವಾಗಿ ಕಂಡು "ಹೊಲ ಬರಿದಾಯಿತು" ಎನಿಸುವುದುಂಟು. ತೆಂಡೆ ಒಡೆದ ಮೇಲೆ ಅದೇ ಹೊಲ ತುಂಬುತ್ತದೆ. ಆದ್ದರಿಂದ ಮೆಚ್ಚುಗೆಯನ್ನೂ ತಕರಾರನ್ನೂ ಅಳತೆಗೆ ಒಡ್ಡಬೇಕು. ಈ ಕ್ರಮಗಳನ್ನು ಅನುಸರಿಸಿರಿ.

1. ಒಂದೇ ಹೊಲದಲ್ಲಿ 10 ಗುಂಟೆ ಹಳೆಯ ಪದ್ಧತಿ, 10 ಗುಂಟೆ ಹೊಸ ಪದ್ಧತಿ ಇಡಿ. ಬೀಜ, ಗೊಬ್ಬರ, ಬಿತ್ತಿದ ದಿನ ಒಂದೇ ಇರಲಿ.

2. ಬಿತ್ತಿದ ದಿನಾಂಕ, ಮಣ್ಣಿನ ಹದ, ಹಿಡಿದ ಹೊತ್ತು, ಬೇಕಾದ ಆಳುಗಳು, ಎತ್ತು ಎಷ್ಟು ಸಲ ನಿಂತಿತು ಎಂಬುದನ್ನು ಅಂದೇ ಬರೆದಿಡಿ.

3. ಅಲ್ಲಲ್ಲಿ ಮಣ್ಣು ಬಗೆದು ಬೀಜ ಬಿದ್ದ ಆಳ ನೋಡಿ. ಶೇಂಗಾಕ್ಕೆ ಸುಮಾರು 5 ಸೆಂ.ಮೀ., ರಾಗಿಗೆ 2ರಿಂದ 3 ಸೆಂ.ಮೀ. ಆಳ ಸರಿ.

4. ಬಿತ್ತಿದ ಹದಿನೈದನೆಯ ದಿನ ಐದಾರು ಕಡೆ 5 ಮೀಟರ್ ಸಾಲಿನ ಸಸಿ ಎಣಿಸಿ. ಸಸಿಯಿಂದ ಸಸಿಗೆ 10 ಸೆಂ.ಮೀ. ಅಂತರದ ಶೇಂಗಾದಲ್ಲಿ ಸುಮಾರು 50 ಸಸಿ ಇರಬೇಕು.

5. ಕೊಯ್ಲಿನಲ್ಲಿ ಎರಡೂ ಕಡೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕದ ಫಸಲನ್ನು ಬೇರೆ ಒಣಗಿಸಿ ತೂಗಿ. ಅದನ್ನು 162ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. ಅಕ್ಕಡಿ ಕಾಳು, ಹುಲ್ಲು, ಮೇವನ್ನೂ ತೂಗಿರಿ.

6. ಎತ್ತು ಹೊಡೆದವರು, ಬೀಜ ಬಿಟ್ಟವರು, ಕಳೆ ತೆಗೆದವರು, ಕೂಲಿಗೆ ಬಂದವರು ಎಲ್ಲರ ಅಭಿಪ್ರಾಯ ಕೇಳಿ. ಹೆಂಗಸರನ್ನು ಪ್ರತ್ಯೇಕವಾಗಿ ಕೇಳುವುದು ಮೇಲು.

7. "ಸರಿಯಿಲ್ಲ" ಎಂದಷ್ಟೇ ಹೇಳದೆ, ಎಲ್ಲಿ, ಯಾವಾಗ, ಎಷ್ಟು ಎಂದು ಹೇಳಿ. ಹೇಗಿದ್ದರೆ ಸರಿ ಎಂಬ ಸಲಹೆಯನ್ನೂ ಸೇರಿಸಿ.

ಅಂಗಳದಲ್ಲೇ ಕೂರಿಗೆಯ ಪರೀಕ್ಷೆ

ಹೊಸ ಕೂರಿಗೆ ಎಕರೆಗೆ ಎಷ್ಟು ಬೀಜ ಬಿಡುತ್ತದೆಂಬುದನ್ನು ಹೊಲಕ್ಕೆ ಹೋಗುವ ಮುನ್ನ ಮನೆಯ ಅಂಗಳದಲ್ಲೇ ತಿಳಿಯಬಹುದು. ಕೂರಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟು ಗಾಲಿ ಸರಾಗವಾಗಿ ತಿರುಗುವಂತೆ ಮಾಡಿ. ಪ್ರತಿ ಕೊಳವೆಯ ಕೆಳಗೆ ಒಂದೊಂದು ಚೀಲ ಕಟ್ಟಿ. ಗಾಲಿಗೆ ಗುರುತು ಹಾಕಿ ಹೊಲದ ನಡಿಗೆಯ ವೇಗದಲ್ಲಿ 20 ಸುತ್ತು ತಿರುಗಿಸಿ.

ಉದಾಹರಣೆಗೆ, ಗಾಲಿಯ ಅಡ್ಡಳತೆ 50 ಸೆಂ.ಮೀ. ಇದ್ದರೆ ಸುತ್ತಳತೆ 1.57 ಮೀಟರ್. 20 ಸುತ್ತಿಗೆ 31.4 ಮೀಟರ್ ನಡೆದಂತಾಯಿತು. 30 ಸೆಂ.ಮೀ. ಅಂತರದ ನಾಲ್ಕು ತಾಳಿದ್ದರೆ ಅಗಲ 1.2 ಮೀಟರ್. ಎರಡನ್ನೂ ಗುಣಿಸಿದರೆ 37.7 ಚದರ ಮೀಟರ್ ಬಿತ್ತಿದಂತೆ. ಎಕರೆಗೆ 4047 ಚದರ ಮೀಟರ್ ಇರುವುದರಿಂದ ಇದು ಎಕರೆಯ ಸುಮಾರು 107ನೇ ಒಂದು ಪಾಲು. ಎಕರೆಗೆ 50 ಕಿಲೋ ಶೇಂಗಾ ಬೀಜ ಬೀಳಬೇಕಾದರೆ ನಾಲ್ಕೂ ಚೀಲಗಳಲ್ಲಿ ಸೇರಿ ಸುಮಾರು 466 ಗ್ರಾಂ ಇರಬೇಕು. 380 ಗ್ರಾಂ ಮಾತ್ರ ಬಿದ್ದಿದ್ದರೆ ಎಕರೆಗೆ 41 ಕಿಲೋ ಮಾತ್ರ ಬೀಳುತ್ತದೆಂದು ತಿಳಿಯಿರಿ. ಚೀಲ ಚೀಲಕ್ಕೂ ತೂಕ ಬೇರೆ ಬೇರೆ ಬಂದರೆ ತಟ್ಟೆಯಲ್ಲಿ ದೋಷವಿದೆ. ಬಿದ್ದ ಬೀಜದಲ್ಲಿ ಒಡೆದವೆಷ್ಟು ಎಂಬುದನ್ನೂ ಆರಿಸಿ ನೋಡಿ. "ಸಾಲು ಖಾಲಿ ಹೋಯಿತು" ಎಂದು ಬಿತ್ತನೆಯ ನಂತರ ಮರುಗುವುದಕ್ಕಿಂತ, "ಮೂರನೆಯ ಕೊಳವೆಯಲ್ಲಿ 40 ಗ್ರಾಂ ಕಡಿಮೆ" ಎಂದು ಮೊದಲೇ ಹೇಳಿದರೆ ತಯಾರಕನೂ ತಿದ್ದಬಲ್ಲ, ನಾವೂ ತಿದ್ದಬಲ್ಲೆವು.

ವಿಜ್ಞಾನಿಗಳ ಹೊಣೆ

ಈ ಕೆಲಸವೆಲ್ಲ ರೈತರದೇ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಕ್ಷೆ ಬರೆಯುವ ಮುನ್ನ ಒಂದು ಬಿತ್ತನೆ, ಒಂದು ಎಡೆ, ಒಂದು ಕೊಯ್ಲನ್ನಾದರೂ ನಿಮ್ಮ ಹೊಲದಲ್ಲಿ ನಿಂತು ನೋಡುವುದು ನಮ್ಮ ಹೊಣೆ. ಪ್ರಾತ್ಯಕ್ಷಿಕೆಯ ದಿನದ ಚಪ್ಪಾಳೆಯನ್ನು ಎಣಿಸದೆ, ಎರಡನೆಯ ವರ್ಷ ಕರೆಯದೆಯೂ ಬಂದು ಉಪಕರಣ ಹೊಲದಲ್ಲಿದೆಯೋ ಕೊಟ್ಟಿಗೆಯಲ್ಲಿದೆಯೋ ಎಂದು ನೋಡಬೇಕು. ವಿಫಲವಾದುದನ್ನೂ ಮುಚ್ಚಿಡದೆ ಬರೆಯಬೇಕು. ತಕರಾರು ಹೇಳಿದ ರೈತನಿಗೆ ಅದರಿಂದ ಯಾವ ತೊಂದರೆಯೂ ಆಗದಂತೆ ನೋಡಿಕೊಳ್ಳಬೇಕು. ಜನರೊಡನೆ ಒಡನಾಡುವುದು ಸಂಶೋಧನೆ ಮುಗಿದ ಮೇಲೆ ಮಾಡುವ ಉಪಕಾರವಲ್ಲ. ಉಳುವ ಮೊದಲು ಹದ ನೋಡುವಂತೆ ಅದು ಸಂಶೋಧನೆಯ ಮೊದಲ ಕೆಲಸ.

ಆದುದರಿಂದ, ರೈತ ಬಾಂಧವರೇ, ಮುಂದಿನ ಪ್ರಾತ್ಯಕ್ಷಿಕೆಯಲ್ಲಿ "ಚೆನ್ನಾಗಿದೆ" ಎನ್ನುವ ಮೊದಲು ಉಪಕರಣವನ್ನು ನೀವೇ ಹಿಡಿದು ನಾಲ್ಕು ಸಾಲು ನಡೆಯಿರಿ. ಮನೆಯ ಹೆಂಗಸರ ಕೈಗೂ ಕೊಟ್ಟು ನೋಡಿ. ಕಂಡ ದೋಷವನ್ನು ಅಳತೆಯೊಡನೆ ಬರೆದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತಲುಪಿಸಿ. ಬರೆಯಲು ಬಿಡುವಿಲ್ಲದಿದ್ದರೆ ಬಾಯಲ್ಲೇ ಹೇಳಿ. ಬರೆದುಕೊಳ್ಳುವ ಕೆಲಸ ನಮ್ಮದು.